ಹಳೆಯ ರೇಡಿಯೋ, ಆಂಪ್ಲಿಫೈಯರ್‌ಗಳ ಮಾಸಿದ ಅಕ್ಷರಗಳು: ಉಳಿಸಿಕೊಳ್ಳುವ ಬಗೆ, ಮರಳಿ ಮೂಡಿಸುವ ಬಗೆ

ಗಣೇಶ ಚತುರ್ಥಿಯಿಂದ ದೀಪಾವಳಿಯವರೆಗಿನ ದಿನಗಳಲ್ಲಿ ನಮ್ಮ ಮನೆಗಳ ಲಾಫ್ಟುಗಳಿಂದ ಕೆಳಗಿಳಿಯುವ ಸಾಮಾನುಗಳ ನಡುವೆ ಒಂದು ಹಳೆಯ ರೇಡಿಯೋ ಅಥವಾ ಆಂಪ್ಲಿಫೈಯರ್ ಇರುವುದು ಅಪರೂಪವೇನಲ್ಲ. ತಂದೆಯವರು ಬೋನಸ್ ಹಣದಲ್ಲಿ ಕೊಂಡ ಮರ್ಫಿ, ಫಿಲಿಪ್ಸ್ ಅಥವಾ ನ್ಯಾಷನಲ್ ಎಕೋ ವಾಲ್ವ್ ರೇಡಿಯೋ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದ ಭಾವನವರು ಹೊತ್ತು ತಂದ ಸಾನ್ಸುಯಿ ಅಥವಾ ಅಕಾಯಿ, ಮದುವೆಯ ಹೊಸತರಲ್ಲಿ ಕಂತಿನ ಮೇಲೆ ಬಂದ ಕಾಸ್ಮಿಕ್ ಅಥವಾ ಸೋನೋಡೈನ್. ಇವನ್ನು ಮಾರಲು ಮನಸ್ಸಿಲ್ಲ, ಇಡಲು ಜಾಗವಿಲ್ಲ. ಹಾಗಿದ್ದರೂ ಈಚಿನ ವರ್ಷಗಳಲ್ಲಿ ನಮ್ಮ ಪರಿಚಯದ ಹಲವು ಕುಟುಂಬಗಳು ಇವನ್ನು ದುರಸ್ತಿ ಮಾಡಿಸಿ, ಹಾಲ್‌ನಲ್ಲಿ ಇಟ್ಟು, ಮತ್ತೆ ಕೇಳತೊಡಗಿವೆ ಎಂಬುದು ಸಂತೋಷದ ವಿಷಯ.

ಒಳಭಾಗದ ದುರಸ್ತಿಗೆ ದಾರಿಗಳಿವೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚೀ ಸ್ಟ್ರೀಟ್, ದೆಹಲಿಯ ಲಾಜ್‌ಪತ್ ರಾಯ್ ಮಾರ್ಕೆಟ್, ಹೈದರಾಬಾದಿನ ಕೋಠಿ ಮುಂತಾದೆಡೆ ಬಿಡಿಭಾಗಗಳೂ, ಹಳೆಯ ಯಂತ್ರಗಳನ್ನು ಬಲ್ಲ ಮೆಕ್ಯಾನಿಕ್‌ಗಳೂ ಹುಡುಕಿದರೆ ಸಿಗುತ್ತಾರೆ. ಆದರೆ ಯಂತ್ರದ ಮುಖದ ಮೇಲಿನ ಅಕ್ಷರ, ಅಂಕಿ, ಗೆರೆಗಳು ಮಾಸಿದ್ದರೆ ಏನು ಮಾಡಬೇಕೆಂದು ಹೇಳುವವರು ಕಡಿಮೆ. ಮೆಕ್ಯಾನಿಕ್‌ನನ್ನು ಕೇಳಿದರೆ, "ಹಾಡುತ್ತದಲ್ಲ ಸಾಹೇಬರೇ, ಮತ್ತೇನು ಬೇಕು" ಎಂಬ ಉತ್ತರ. ಈ ಲೇಖನ ಆ 'ಮತ್ತೇನು' ಕುರಿತದ್ದು. ನಾವು ಬ್ಯಾಂಕ್ ನೌಕರರು, ಓದಿದ್ದು ಕಲಾ ವಿಭಾಗದಲ್ಲಿ. ಎಲೆಕ್ಟ್ರಾನಿಕ್ಸ್ ನಮ್ಮ ಕ್ಷೇತ್ರವಲ್ಲ. ಅಕ್ಷರಗಳ ಮೇಲಿನ ಪ್ರೀತಿಯಿಂದ ರಜಾದಿನಗಳಲ್ಲಿ ಕೈಗೆತ್ತಿಕೊಂಡ ಕೆಲಸದಲ್ಲಿ ಕಂಡುಕೊಂಡದ್ದನ್ನು ಓದುಗರೊಡನೆ ಹಂಚಿಕೊಳ್ಳುತ್ತಿದ್ದೇವೆ.

ಮೊದಲಿಗೆ, ಈ ಅಕ್ಷರಗಳು ಬರಿಯ ಅಲಂಕಾರವಲ್ಲ. ಅಮೆರಿಕದ ಮನೆಗಳ ವಿದ್ಯುತ್ತು ಸುಮಾರು 120 ವೋಲ್ಟ್, ಜಪಾನಿನದು 100 ವೋಲ್ಟ್, ನಮ್ಮದು 230. ಹೊರದೇಶಗಳಿಂದ ಬಂದ ಅನೇಕ ಯಂತ್ರಗಳ ಹಿಂಬದಿಯಲ್ಲಿ ವೋಲ್ಟೇಜ್ ಬದಲಿಸುವ ಪುಟ್ಟ ಸ್ವಿಚ್ ಇರುತ್ತದೆ. ಅದರ ಪಕ್ಕದ ಅಂಕಿಗಳು ಅಳಿಸಿಹೋಗಿ, ಮನೆಯ ಮಕ್ಕಳು ಆಟಕ್ಕೆಂದು ಅದನ್ನು ತಿರುಗಿಸಿದ್ದರೆ, ಪ್ಲಗ್ ಹಾಕಿದೊಡನೆ ಫ್ಯೂಸ್ ಹೋಗುತ್ತದೆ. ಗ್ರಹಚಾರ ಕೆಟ್ಟಿದ್ದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಆಂಪ್ಲಿಫೈಯರ್‌ನ 'ಫೋನೋ' ಎಂಬ ಜಾಗ ಟರ್ನ್‌ಟೇಬಲ್‌ನ ಸೂಜಿಯಿಂದ ಬರುವ ಕೆಲವೇ ಮಿಲಿವೋಲ್ಟ್‌ಗಳ ಸಂಕೇತಕ್ಕಾಗಿ ಇರುವುದು. ಮೊಬೈಲ್ ಫೋನಿನಿಂದ ಬರುವ ಸಂಕೇತ ಅದರ ನೂರು ಪಟ್ಟಿನಷ್ಟಿರುತ್ತದೆ. 'ಆಕ್ಸ್' ಎಂಬ ಅಕ್ಷರ ಕಾಣದೆ ಫೋನೋಗೆ ವಯರ್ ಸಿಕ್ಕಿಸಿದರೆ ಬರುವುದು ಸಂಗೀತವಲ್ಲ, ಗದ್ದಲ. ಯಂತ್ರ ಕೊಂಡವರು ಇದ್ದಾಗ ಯಾವ ನಾಬ್ ಯಾವುದಕ್ಕೆಂದು ಅವರ ಕೈಗೇ ಗೊತ್ತಿರುತ್ತಿತ್ತು. ಅವರ ಕಾಲಾನಂತರ ಅದನ್ನು ಹೇಳಬಲ್ಲವು ಈ ಅಕ್ಷರಗಳು ಮಾತ್ರ.

ಅಕ್ಷರಗಳು ಮಾಸುವುದು ವಯಸ್ಸಿನಿಂದ ಎಂದು ಬಹುಪಾಲು ಜನ ಭಾವಿಸುತ್ತಾರೆ. ನಾವು ಕಂಡಂತೆ ಇದು ಅರ್ಧ ನಿಜ. ಬೆರಳಿನ ಬೆವರು, ಉಪ್ಪು, ಎಣ್ಣೆಗಳು ವಾಲ್ಯೂಮ್ ನಾಬ್‌ನ ಸುತ್ತಲಿನ ಅಂಕಿಗಳನ್ನು ದಿನದಿನವೂ ಸವೆಸುವುದು ಹೌದು, ಆದರೆ ಅದು ಮೂವತ್ತು ನಲವತ್ತು ವರ್ಷಗಳ ಕೆಲಸ. ಇಡೀ ಸಾಲೇ ಮಾಯವಾಗಿದ್ದರೆ ಅದು ಒಂದೇ ಭಾನುವಾರದ ಕೆಲಸ: ಯಾರೋ ಸ್ವಚ್ಛ ಮಾಡಿದ್ದಾರೆ. ಗಾಜು ಒರೆಸುವ ಅಮೋನಿಯಾ ಬೆರೆತ ದ್ರವ, ಸ್ಪಿರಿಟ್, ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್, ಪಾತ್ರೆ ತಿಕ್ಕುವ ಪುಡಿ ಇವೆಲ್ಲ ಕೊಳೆಯನ್ನು ತೆಗೆಯುವ ವೇಗದಲ್ಲಿಯೇ ಅಕ್ಷರಗಳನ್ನೂ ತೆಗೆಯುತ್ತವೆ. ಅಲ್ಯುಮಿನಿಯಮ್ ಫಲಕಕ್ಕಂತೂ ಸೋಡಾದಂತಹ ಕ್ಷಾರ ಪದಾರ್ಥಗಳು ಆಗಿಬರುವುದಿಲ್ಲ. ಲೋಹದ ಮೇಲಿನ ರಕ್ಷಣಾ ಪದರವೇ ಕರಗಿ, ಬೂದು ಮಚ್ಚೆಗಳು ಶಾಶ್ವತವಾಗಿ ಉಳಿಯುತ್ತವೆ.

ಆದ್ದರಿಂದ ಬಟ್ಟೆಯನ್ನು ಕೈಗೆತ್ತಿಕೊಳ್ಳುವ ಮೊದಲು ಛಾಯಾಚಿತ್ರ ತೆಗೆಯಬೇಕು. ಮೊಬೈಲ್ ಕ್ಯಾಮೆರಾ ಸಾಕು. ಯಂತ್ರವನ್ನು ಕಿಟಕಿಯ ಬಳಿ ನೇರ ಬಿಸಿಲು ಬೀಳದೆಡೆ ಇಟ್ಟು, ಫಲಕಕ್ಕೆ ಸರಿಯಾಗಿ ಎದುರಿನಿಂದ, ಮಿಲಿಮೀಟರ್ ಗುರುತುಗಳಿರುವ ಒಂದು ಅಡಿಕೋಲನ್ನು ಅಂಚಿಗೆ ಜೋಡಿಸಿ ಚಿತ್ರ ತೆಗೆಯಬೇಕು. ಬಳಿಕ ಬೆಳಕು ಪಕ್ಕದಿಂದ ಓರೆಯಾಗಿ ಬೀಳುವಂತೆ ಟಾರ್ಚ್ ಹಿಡಿದು ಇನ್ನೊಂದು ಚಿತ್ರ. ಶಾಯಿ ಹೋಗಿದ್ದರೂ ಅದು ಕುಳಿತಿದ್ದ ಜಾಗದ ಹೊಳಪು ಸುತ್ತಲಿಗಿಂತ ಭಿನ್ನವಾಗಿರುವುದರಿಂದ, ಬರಿಗಣ್ಣಿಗೆ ಕಾಣದ ಅಕ್ಷರಗಳ ನೆರಳು ಓರೆ ಬೆಳಕಿನಲ್ಲಿ ಕಾಣಿಸುವುದುಂಟು. ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಡನೆ ತಾಳೆ ನೋಡಿದವರಿಗೆ ಈ ಮಾತು ಸುಲಭವಾಗಿ ಅರ್ಥವಾದೀತು. ಮಾದರಿ ಇಲ್ಲದಿದ್ದರೆ ತಾಳೆ ಎಲ್ಲಿಂದ ಬಂತು? ಉಳಿದಿರುವ ಅರ್ಧ ಅಕ್ಷರವೇ ನಮ್ಮ ಮಾದರಿ ಸಹಿ.

ಮುಂದಿನ ಪ್ರಶ್ನೆ, ಆ ಅಕ್ಷರವನ್ನು ತಯಾರಕರು ಹೇಗೆ ಮೂಡಿಸಿದ್ದರು ಎಂಬುದು. ಇದನ್ನರಿಯಲು ಭೂತಗನ್ನಡಿಯೂ ಬೆರಳಿನ ಉಗುರೂ ಸಾಕು. ಉಗುರನ್ನು ಬಹು ಮೆತ್ತಗೆ ಆಡಿಸಿದಾಗ ತಗ್ಗು ತಾಗಿದರೆ ಅದು ಕೊರೆದು ಬಣ್ಣ ತುಂಬಿದ ಅಕ್ಷರ. ಕೂದಲೆಳೆಯಷ್ಟು ಉಬ್ಬು ತಾಗಿದರೆ ಸ್ಕ್ರೀನ್ ಪ್ರಿಂಟಿಂಗ್. 1970ರ ದಶಕದ ಜಪಾನಿ ಯಂತ್ರಗಳಲ್ಲಿ ಬಹಳವಾಗಿ ಕಾಣುವುದು ಇದೇ. ಏನೂ ತಾಗದಿದ್ದರೆ ಎರಡು ಸಾಧ್ಯತೆಗಳಿವೆ. ಒಂದೋ ಅಕ್ಷರ ಗಾಜಿನ ಹಿಂಬದಿಯಲ್ಲಿದೆ, ಇಲ್ಲವೇ ಲೋಹದ ಪದರದ ಒಳಗೇ ಇದೆ. ಈ ಎರಡನೆಯದನ್ನು ಸ್ವಲ್ಪ ವಿವರಿಸಬೇಕು. ಅಲ್ಯುಮಿನಿಯಮ್ಮನ್ನು ಆಮ್ಲದಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿದಾಗ ಅದರ ಮೇಲೆ ಸೂಕ್ಷ್ಮ ರಂಧ್ರಗಳುಳ್ಳ ಗಟ್ಟಿ ಆಕ್ಸೈಡ್ ಪದರ ಬೆಳೆಯುತ್ತದೆ. ಇದೇ ಅನೋಡೈಸಿಂಗ್. ರಂಧ್ರಗಳು ತೆರೆದಿರುವಾಗಲೇ ಬಣ್ಣವನ್ನು ಅವುಗಳೊಳಗೆ ಇಳಿಸಿ, ನಂತರ ಕುದಿನೀರಿನಲ್ಲಿ ಅವನ್ನು ಮುಚ್ಚಿದರೆ ಅಕ್ಷರ ಪದರದೊಳಗೇ ಸೆರೆಯಾಗುತ್ತದೆ. ಅಂತಹ ಅಕ್ಷರ ಮಾಸುವುದು ತೀರ ಕಡಿಮೆ. ಓದುಗರ ಮನೆಯ ಯಂತ್ರದಲ್ಲಿ ಅಕ್ಷರ ಮಾಸಿದೆ ಎಂದರೆ ಅದು ಬಹುಮಟ್ಟಿಗೆ ಬೇರೆ ಬಗೆಯದು.

ಗಾಜಿನ ಡಯಲ್‌ಗಳದ್ದೇ ಒಂದು ಲೋಕ. ವಾಲ್ವ್ ರೇಡಿಯೋದ ಡಯಲ್‌ನಲ್ಲಿ ಅಕ್ಷರಗಳು ಗಾಜಿನ ಒಳಮುಖದಲ್ಲಿ, ತಿರುಗುಮುರುಗಾಗಿ ಅಚ್ಚಾಗಿರುತ್ತವೆ. ಹಿಂದಿನ ಪುಟ್ಟ ದೀಪ ಬೆಳಗಿದಾಗ ನಮಗೆ ಸರಿಯಾಗಿ ಕಾಣುತ್ತವೆ. ಹಲವು ರೇಡಿಯೋಗಳಲ್ಲಿ ಈ ಬಣ್ಣ ಎಷ್ಟು ದುರ್ಬಲವೆಂದರೆ ಒದ್ದೆ ಬಟ್ಟೆಯ ಒಂದೇ ಒರೆಸಿಗೆ ಅರ್ಧ ಭಾರತವೇ ಅಳಿಸಿಹೋಗುತ್ತದೆ. ಹೊರಮುಖದ ಧೂಳು ಒರೆಸಿದ ನಂತರ "ಒಳಗೂ ಸ್ವಲ್ಪ" ಎಂದು ಕೈ ಹಾಕುವಲ್ಲಿಯೇ ಅನಾಹುತವಾಗುವುದು. ಒಳಮುಖಕ್ಕೆ ಒಣ ಕುಂಚದ ಗಾಳಿಯಂತಹ ಸ್ಪರ್ಶವಲ್ಲದೆ ಬೇರೇನೂ ತಾಗಬಾರದು. ದೀಪದ ಸುತ್ತಲಿನ ಬಣ್ಣ ಶಾಖಕ್ಕೆ ಒಣಗಿ ಹಕ್ಕಳೆಯಾಗಿ ಎದ್ದಿದ್ದರೆ ಅದನ್ನೂ ಮಾಡದಿರುವುದು ಕ್ಷೇಮ.

ಅಮೆರಿಕದ ಮ್ಯಾಕಿಂಟಾಷ್ ಸಂಸ್ಥೆಯ ಆಂಪ್ಲಿಫೈಯರ್‌ಗಳ ಪ್ರಸಿದ್ಧ ಕಪ್ಪು ಗಾಜಿನ ಮುಖಗಳೂ ಇದೇ ಜಾತಿಯವು. 1960ರ ದಶಕದಿಂದ ಬಂದ ಆ ಫಲಕಗಳಲ್ಲಿಯೂ ಬೆಳಗುವ ಅಕ್ಷರಗಳಿರುವುದು ಗಾಜಿನ ಬೆನ್ನಿಗೆ. ಹೊರಗಿನಿಂದ ಎಷ್ಟು ಮುಟ್ಟಿದರೂ ಅವು ಸವೆಯುವುದಿಲ್ಲ, ಹಿಂಬದಿಯ ಬಣ್ಣ ಉದುರಿದರೆ ಮಾತ್ರ ಕಪ್ಪಿನ ನಡುವೆ ಬೆಳಕಿನ ಚುಕ್ಕೆಗಳು ಕಾಣತೊಡಗುತ್ತವೆ.

ರೇಡಿಯೋದ ಡಯಲ್ ಮೇಲೆ ಯಾವ ಊರುಗಳಿವೆ ಎಂಬುದರಿಂದ ಆ ರೇಡಿಯೋ ಯಾರಿಗಾಗಿ ತಯಾರಾಯಿತೆಂದು ಊಹಿಸಬಹುದು. ಯುರೋಪಿನ ರೇಡಿಯೋಗಳಲ್ಲಿ ಹಿಲ್ವರ್ಸಮ್, ಲಕ್ಸೆಂಬರ್ಗ್. ನಮ್ಮ ದೇಶಕ್ಕಾಗಿ ತಯಾರಾದವುಗಳಲ್ಲಿ ಡೆಲ್ಲಿ, ಬಾಂಬೆ, ಕಲ್ಕತ್ತಾ, ಮದ್ರಾಸ್. ಇವನ್ನು ಮರಳಿ ಬರೆಯುವಾಗ ಇದ್ದ ಹೆಸರನ್ನೇ ಬರೆಯಬೇಕು. ಬಾಂಬೆ ಮುಂಬಯಿಯಾದದ್ದು 1995ರಲ್ಲಿ, ಮದ್ರಾಸ್ ಚೆನ್ನೈ ಆದದ್ದು 1996ರಲ್ಲಿ. ರೇಡಿಯೋ ಅದಕ್ಕೂ ಹಳೆಯದಾದರೆ ಅದಕ್ಕೆ ಹೊಸ ಹೆಸರು ಗೊತ್ತಿರಲು ಸಾಧ್ಯವಿಲ್ಲ. ಹಾಗೆಯೇ 'ಕಿಲೋಹರ್ಟ್ಸ್' ಎಂಬ ಮಾತು ಹಳೆಯ ಡಯಲ್‌ಗೆ ಸಲ್ಲದು. ಹರ್ಟ್ಸ್ ಎಂಬ ಮಾನವನ್ನು ಅಂತರರಾಷ್ಟ್ರೀಯ ಅಳತೆಗಳ ಸಮ್ಮೇಳನ ಅಂಗೀಕರಿಸಿದ್ದು 1960ರಲ್ಲಿ. ಅದಕ್ಕೆ ಮೊದಲು ಇದ್ದದ್ದು ಕಿಲೋಸೈಕಲ್ ಅಥವಾ ಮೀಟರ್.

ಅಂಕಿಗಳೇ ಅಳಿಸಿಹೋಗಿದ್ದರೆ ಹತಾಶರಾಗಬೇಕಿಲ್ಲ, ಅವನ್ನು ಲೆಕ್ಕದಿಂದ ಮರಳಿ ಪಡೆಯಬಹುದು. ಮೂರು ಲಕ್ಷವನ್ನು ಮೀಟರ್ ಸಂಖ್ಯೆಯಿಂದ ಭಾಗಿಸಿದರೆ ಕಿಲೋಸೈಕಲ್ ಸಿಗುತ್ತದೆ. 200 ಮೀಟರ್ ಎಂದರೆ 1500, 300 ಮೀಟರ್ ಎಂದರೆ 1000, 500 ಮೀಟರ್ ಎಂದರೆ 600. ಈ ಗುರುತುಗಳ ನಡುವಿನ ಅಂತರ ಸಮವಾಗಿರುವುದಿಲ್ಲವಾದ್ದರಿಂದ ಅಡಿಕೋಲಿನಿಂದ ಸಮಭಾಗ ಮಾಡಿ ಬರೆಯಲಾಗದು. ರೇಡಿಯೋ ಹಾಡುವ ಸ್ಥಿತಿಯಲ್ಲಿದ್ದರೆ, ಗೊತ್ತಿರುವ ನಿಲಯಗಳನ್ನು ಒಂದೊಂದಾಗಿ ಹಿಡಿದು, ಮುಳ್ಳು ನಿಂತಲ್ಲಿ ಗಾಜಿನ ಹೊರಗೆ ಕಾಗದದ ಪಟ್ಟಿಯ ಮೇಲೆ ಪೆನ್ಸಿಲ್ ಗುರುತು ಮಾಡಿಕೊಂಡು ಹೋಗಬೇಕು. ನಾಲ್ಕೈದು ಗುರುತುಗಳು ಸಿಕ್ಕಿದರೆ ಉಳಿದವನ್ನು ಅವುಗಳ ನಡುವೆ ಹೊಂದಿಸಬಹುದು.

ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ಪರಿಚಯದ ಹಿರಿಯರೊಬ್ಬರ ಮನೆಯ ರೇಡಿಯೋದ ಮುಖವನ್ನು ಸರಿಪಡಿಸಲು ನಮ್ಮ ಬಳಿ ತಂದಾಗ, ಗಾಜಿನ ಹೊರಮುಖದಲ್ಲಿ ಮೀಡಿಯಂ ವೇವ್‌ನ 390 ಮೀಟರ್‌ಗೆ ಸಮೀಪ ಕೆಂಪು ಉಗುರುಬಣ್ಣದ ಚುಕ್ಕೆಯೊಂದಿತ್ತು. ಮನೆಯವರ ದೃಷ್ಟಿಯಲ್ಲಿ ಅದು ಕಲೆ, ಮೊದಲು ತೆಗೆಯಬೇಕಾದದ್ದೇ ಅದು. ಲೆಕ್ಕ ಹಾಕಿ ನೋಡಿದರೆ 765 ಕಿಲೋಹರ್ಟ್ಸ್‌ನ ಧಾರವಾಡ ಆಕಾಶವಾಣಿಗೆ 392 ಮೀಟರ್. ಧಾರವಾಡ ನಿಲಯ ಆರಂಭವಾದದ್ದು 1950ರ ಜನವರಿಯಲ್ಲಿ. ಮೀಡಿಯಂ ವೇವ್ ತರಂಗಗಳು ರಾತ್ರಿ ಆಕಾಶದ ಅಯಾನು ಪದರಕ್ಕೆ ತಾಗಿ ಹಿಂದಿರುಗುವುದರಿಂದ ಹಗಲಿನಲ್ಲಿ ಸಿಗದ ದೂರದ ನಿಲಯಗಳು ಕತ್ತಲಾದ ಮೇಲೆ ಸಿಗುತ್ತವೆ. ಹುಬ್ಬಳ್ಳಿಯಿಂದ ಬಂದು ದಾದರ್‌ನಲ್ಲಿ ನೆಲೆಸಿದ ಆ ಮನೆಯ ಹಿರಿಯಜ್ಜಿ ರಾತ್ರಿ ಧಾರವಾಡ ಹುಡುಕಲು ಇಟ್ಟುಕೊಂಡಿದ್ದ ಗುರುತು ಅದು. ಡಯಲ್ ತಯಾರಕರು ಅಚ್ಚು ಹಾಕದಿದ್ದ ಊರನ್ನು ಆಕೆ ತಾನೇ ಸೇರಿಸಿಕೊಂಡಿದ್ದರು. ಅಚ್ಚಾದ ಅಕ್ಷರಗಳನ್ನೆಲ್ಲ ತಿದ್ದಿದರೂ ಆ ಚುಕ್ಕೆಯನ್ನು ಹಾಗೆಯೇ ಬಿಟ್ಟೆವು. ಅಚ್ಚಿನ ಅಕ್ಷರಕ್ಕೆ ಇನ್ನೊಂದು ರೇಡಿಯೋದಲ್ಲಿ ಮಾದರಿ ಸಿಕ್ಕೀತು, ಆ ಚುಕ್ಕೆಗೆ ಸಿಗದು.

ಸ್ವಚ್ಛತೆಗೆ ಬರೋಣ. ಮೊದಲು ಪ್ಲಗ್ ತೆಗೆಯಬೇಕು. ವಾಲ್ವ್ ಯಂತ್ರಗಳ ಒಳಗೆ 200-300 ವೋಲ್ಟ್‌ಗಳಿರುತ್ತವೆ, ಪ್ಲಗ್ ತೆಗೆದ ಮೇಲೂ ಕೆಪ್ಯಾಸಿಟರ್‌ಗಳಲ್ಲಿ ಉಳಿದಿರಬಹುದು. ಅಷ್ಟೇ ಅಲ್ಲ, ಎ.ಸಿ., ಡಿ.ಸಿ. ಎರಡರಲ್ಲಿಯೂ ನಡೆಯುವಂತೆ ಮಾಡಿದ ಹಳೆಯ ರೇಡಿಯೋಗಳಲ್ಲಿ ಒಳಗಿನ ಲೋಹದ ಚೌಕಟ್ಟೇ ವಿದ್ಯುತ್ತಿಗೆ ಜೋಡಣೆಯಾಗಿರುತ್ತದೆ. ಆದಕಾರಣ ನಾಬ್ ಬಿಗಿಯುವ ಪುಟ್ಟ ಸ್ಕ್ರೂಗೆ ಬೆರಳು ತಾಗದಿರಲೆಂದು ಅದರ ಕುಳಿಯನ್ನು ಮೇಣದಿಂದ ಮುಚ್ಚುತ್ತಿದ್ದರು. ಆ ಮೇಣ ಕೊಳೆಯಲ್ಲ, ನಾಬ್ ತೆಗೆದವರು ಮರಳಿ ಮೇಣ ತುಂಬಲೇಬೇಕು. ಸ್ಕ್ರೂ ಇಲ್ಲದೆ ಒತ್ತಿ ಕೂರಿಸಿದ ನಾಬ್‌ಗಳನ್ನು ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಫಲಕದ ಮೇಲೆ ಗೀರು ಖಚಿತ. ಹತ್ತಿಯ ಲಾಡಿಯೊಂದನ್ನು ನಾಬ್‌ನ ಹಿಂದೆ ಸುತ್ತಿ ಎರಡೂ ತುದಿಗಳನ್ನು ಸಮನಾಗಿ ಎಳೆದರೆ ತಾನಾಗಿ ಹೊರಬರುತ್ತದೆ.

ಲೋಹದ ಫಲಕಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಅದಕ್ಕೆ ಒಂದೆರಡು ಹನಿ ಮೆದುವಾದ ದ್ರವ ಸಾಬೂನು, ಚೆನ್ನಾಗಿ ಹಿಂಡಿದ ಹತ್ತಿ ಇಷ್ಟು ಸಾಕು. ಮೊದಲು ನಾಬ್‌ನ ಅಡಿಯಲ್ಲಿ ಮರೆಯಾಗುವ ಜಾಗದಲ್ಲಿ ಪರೀಕ್ಷಿಸಿ, ಹತ್ತಿಗೆ ಅಕ್ಷರದ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಬೇಕು. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಚಿತ್ರಗಳ ಮೇಲ್ಮೈ ತೊಳೆಯಲು ಮನುಷ್ಯರ ಎಂಜಲನ್ನೇ ಹತ್ತಿಕಡ್ಡಿಗೆ ತಾಗಿಸಿ ಬಳಸುವ ಪದ್ಧತಿಯಿದೆ. ಅದರಲ್ಲಿನ ಅಮೈಲೇಸ್ ಎಂಬ ಕಿಣ್ವ ಕೊಳೆಯನ್ನು ಮೆತ್ತಗೆ ಬಿಡಿಸುತ್ತದೆಂದು ಪೋರ್ಚುಗಲ್‌ನ ಸಂಶೋಧಕರು 1990ರಲ್ಲಿ ತೋರಿಸಿದ್ದರು. ಮಡಿ ಮೈಲಿಗೆ ನೋಡುವ ಮನೆಗಳಲ್ಲಿ ಈ ಸಲಹೆಗೆ ಮನ್ನಣೆ ದೊರೆಯಲಾರದಾದ್ದರಿಂದ ಸಾಬೂನು ನೀರಿಗೇ ನಿಲ್ಲೋಣ.

ಇನ್ನು ಮರಳಿ ಮೂಡಿಸುವುದು. ಎಲ್ಲಕ್ಕಿಂತ ಸುಲಭವೂ ತೃಪ್ತಿಕರವೂ ಆದದ್ದು ಕೊರೆದ ಅಕ್ಷರಗಳ ಕೆಲಸ, ಏಕೆಂದರೆ ಅಕ್ಷರ ಅಲ್ಲಿಯೇ ಇದೆ, ಹೋಗಿರುವುದು ಬಣ್ಣ ಮಾತ್ರ. ಮನೆಯ ಬಾಗಿಲಿನ ಹಿತ್ತಾಳೆ ನಾಮಫಲಕಗಳಿಗೆ ಬಣ್ಣ ತುಂಬುವವರನ್ನು ಕಂಡವರಿಗೆ ಈ ಕ್ರಮ ಹೊಸದಲ್ಲ. ಒಂದು ಬಲ್ಲಿಕಡ್ಡಿಯಂತಹ ಮೊನೆಯಿಂದ, ಹಲ್ಲುಕಡ್ಡಿಯಾದರೂ ಆದೀತು, ತಗ್ಗಿನಲ್ಲಿರುವ ಹಳೆಯ ಕೊಳೆಯನ್ನು ತೆಗೆಯಬೇಕು. ಲೋಹದ ಸೂಜಿ ಬೇಡ. ಎನಾಮೆಲ್ ಬಣ್ಣವನ್ನು ಅದೇ ಕಡ್ಡಿಯಿಂದ ತಗ್ಗಿನೊಳಗೆ ಧಾರಾಳವಾಗಿ ತುಂಬಿ, ಹತ್ತು ಹದಿನೈದು ನಿಮಿಷ ಬಿಟ್ಟು, ಬಣ್ಣ ಹದವಾಗಿ ಬಿಗಿದಾಗ ಮೇಲೆ ಹರಡಿದ್ದನ್ನು ಒರೆಸಬೇಕು. ಒರೆಸಲು ಮೆತ್ತನೆಯ ಬಟ್ಟೆ ಒಗ್ಗದು, ಅದು ತಗ್ಗಿನೊಳಕ್ಕೆ ಇಳಿದು ತುಂಬಿದ ಬಣ್ಣವನ್ನೇ ಎತ್ತಿಕೊಂಡು ಬರುತ್ತದೆ. ಹಳೆಯ ಇಸ್ಪೀಟ್ ಎಲೆ ಅಥವಾ ಎ.ಟಿ.ಎಂ. ಕಾರ್ಡಿಗೆ ತೆಳು ಬಟ್ಟೆಯನ್ನು ಬಿಗಿಯಾಗಿ ಸುತ್ತಿ, ಖನಿಜ ಟರ್ಪೆಂಟೈನ್‌ನ ಒಂದು ಹನಿ ತಾಗಿಸಿ, ಅಕ್ಷರದ ಗೆರೆಗಳಿಗೆ ಓರೆಯಾಗಿ ಒಮ್ಮೆ ಎಳೆಯಬೇಕು. ಪ್ರತಿ ಎಳೆತಕ್ಕೂ ಬಟ್ಟೆಯ ಹೊಸ ಭಾಗ. ಇದಕ್ಕೆಂದೇ ಬಣ್ಣದ ಮೇಣದ ಕಡ್ಡಿಯಂತಹ ಲ್ಯಾಕರ್ ಸ್ಟಿಕ್‌ಗಳೂ ದೊರೆಯುತ್ತವೆ, ಅಡ್ಡಲಾಗಿ ಉಜ್ಜಿ ಒರೆಸಿದರೆ ತಗ್ಗಿನಲ್ಲಿ ಮಾತ್ರ ಉಳಿಯುತ್ತದೆ.

ಬಣ್ಣದ ಆಯ್ಕೆಯಲ್ಲಿ ಒಂದು ಮಾತು. ನಲವತ್ತು ವರ್ಷಗಳ ಹಿಂದಿನ ಬಿಳಿ ಇಂದು ಬಿಳಿಯಾಗಿ ಉಳಿದಿರುವುದಿಲ್ಲ, ಕೆನೆಬಣ್ಣಕ್ಕೆ ತಿರುಗಿರುತ್ತದೆ. ಡಬ್ಬಿಯಿಂದ ತೆಗೆದ ಬಿಳಿಯನ್ನು ಹಾಗೆಯೇ ತುಂಬಿದರೆ ತಿದ್ದಿದ ಮೂರು ಅಕ್ಷರಗಳು ಕಟ್ಟಿಸಿಕೊಂಡ ಹಲ್ಲಿನಂತೆ ಎದ್ದು ಕಾಣುತ್ತವೆ. ಬಿಳಿಗೆ ಹಳದಿ ಮಣ್ಣಿನ ಬಣ್ಣವನ್ನೂ ಕಂದನ್ನೂ ಸೂಜಿಮೊನೆಯಷ್ಟು ಬೆರೆಸಿ, ಉಳಿದ ಅಕ್ಷರಗಳ ಪಕ್ಕದಲ್ಲಿ ಹಗಲು ಬೆಳಕಿನಲ್ಲಿ ಹೋಲಿಸಿ ನೋಡಬೇಕು. ಒಣಗಿದಾಗ ಬಣ್ಣ ಬದಲಾಗುವುದರಿಂದ ಹೋಲಿಕೆಯನ್ನು ಮರುದಿನ ಮಾಡುವುದು ಉತ್ತಮ.

ಸ್ಕ್ರೀನ್ ಪ್ರಿಂಟಿಂಗ್‌ನ ಅಕ್ಷರಗಳು ಹೋಗಿದ್ದರೆ ಶ್ರಮ ಹೆಚ್ಚು. ಎರಡು ಮೂರು ಅಕ್ಷರಗಳ ತುಂಡು ಮಾತ್ರ ಹೋಗಿದ್ದರೆ ಸೊನ್ನೆ ನಂಬರಿನ ಕುಂಚದಿಂದ, ಭೂತಗನ್ನಡಿಯ ಅಡಿಯಲ್ಲಿ, ಚುಕ್ಕೆ ಚುಕ್ಕೆಯಾಗಿ ತುಂಬುವುದು ಸಾಧ್ಯ. ನೇರ ಗೆರೆಗಳಿಗೆ ಇಂಜಿನಿಯರಿಂಗ್ ಡ್ರಾಯಿಂಗ್‌ನವರು ಹಿಂದೆ ಬಳಸುತ್ತಿದ್ದ ರೂಲಿಂಗ್ ಪೆನ್ ಇಂದಿಗೂ ಸಾಟಿಯಿಲ್ಲದ ಸಾಧನ. ಇಡೀ ಫಲಕವೇ ಬೋಳಾಗಿದ್ದರೆ ಮುದ್ರಕರ ಮೊರೆ ಹೋಗಬೇಕು. ನಮ್ಮ ಅದೃಷ್ಟಕ್ಕೆ ಭಾರತದ ಊರೂರುಗಳಲ್ಲಿಯೂ ಲಗ್ನಪತ್ರಿಕೆ ಅಚ್ಚು ಮಾಡುವ ಸ್ಕ್ರೀನ್ ಪ್ರಿಂಟರ್‌ಗಳಿದ್ದಾರೆ. ಫಲಕದ ಚಿತ್ರವನ್ನು ಆಧರಿಸಿ ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಮರಳಿ ಎಳೆದು, ನಿಜವಾದ ಅಳತೆಗೆ ಫಿಲ್ಮ್ ತೆಗೆಸಿ ಕೊಟ್ಟರೆ ಅವರು ಪರದೆ ತಯಾರಿಸುತ್ತಾರೆ. ಎರಡು ಷರತ್ತುಗಳನ್ನು ಮಾತ್ರ ಮುಂಚೆಯೇ ಹೇಳಬೇಕು: ಪರದೆ ಸೂಕ್ಷ್ಮವಾಗಿರಬೇಕು, ಸೆಂಟಿಮೀಟರಿಗೆ 120 ಎಳೆಗಳಷ್ಟಾದರೂ. ಶಾಯಿ ಕಾಗದದ್ದಲ್ಲ, ಲೋಹಕ್ಕೆ ಹಿಡಿಯುವ ಎರಡು ಭಾಗಗಳ ಎಪಾಕ್ಸಿ ಶಾಯಿಯಾಗಿರಬೇಕು. ಫಲಕಕ್ಕೆ ಹಾಕುವ ಮುನ್ನ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲಿಟ್ಟು ಒಮ್ಮೆ ಅಚ್ಚು ಹಾಕಿಸಿ, ನಾಬ್‌ಗಳ ರಂಧ್ರಗಳಿಗೂ ಅಂಕಿಗಳಿಗೂ ಹೊಂದಿಕೆಯಾಗುವುದೇ ಎಂದು ನೋಡಬೇಕು. ಅರ್ಧ ಮಿಲಿಮೀಟರ್ ಸರಿದರೂ ಕಣ್ಣು ಹಿಡಿಯುತ್ತದೆ.

ಲಿಪಿಯ ಆಯ್ಕೆಯಲ್ಲಿ ಹಲವರು ಎಡವುತ್ತಾರೆ. ಕಂಪ್ಯೂಟರಿನಲ್ಲಿ ಮೊದಲು ಕಾಣುವ ಏರಿಯಲ್ ಲಿಪಿಯನ್ನು ಹಾಕಿದರೆ ಫಲಕ ಸರಕಾರಿ ಕಚೇರಿಯ ಸೂಚನಾಫಲಕದಂತಾಗುತ್ತದೆ. 1950-60ರ ದಶಕಗಳ ಕೊರೆದ ಅಕ್ಷರಗಳು ಅಚ್ಚುಮೊಳೆಯ ಲಿಪಿಗಳೇ ಅಲ್ಲ. ಅಮೆರಿಕದ ಗಾರ್ಟನ್ ಸಂಸ್ಥೆಯ ಯಂತ್ರಗಳಂತಹವು ಮಾದರಿ ಅಕ್ಷರದ ಜಾಡಿನಲ್ಲಿ ತಿರುಗುವ ಮೊನೆಯಿಂದ ಕೊರೆದವು. ಅದರಿಂದಾಗಿ ಪ್ರತಿ ಗೆರೆಯ ತುದಿಯೂ ಗುಂಡಗೆ, ಗೆರೆಯ ದಪ್ಪ ಎಲ್ಲೆಡೆ ಒಂದೇ. ಮುಂದಿನ ದಶಕಗಳ ಯಂತ್ರಗಳಲ್ಲಿ 1957ರ ಹೆಲ್ವೆಟಿಕಾ, 1952ರ ಮೈಕ್ರೋಗ್ರಾಮಾ, 1962ರ ಯೂರೋಸ್ಟೈಲ್ ಬಗೆಯ ರೂಪಗಳು ಕಾಣಿಸುತ್ತವೆ. ಉಳಿದಿರುವ ಒಂದೇ ಒಂದು 'ಆರ್' ಅಥವಾ 'ಜಿ' ಅಕ್ಷರ ಸಾಕು, ಯಾವ ಕುಲವೆಂದು ಹೇಳಲು.

ಉಜ್ಜಿ ಅಂಟಿಸುವ ಲೆಟ್ರಾಸೆಟ್ ಹಾಳೆಗಳು 1960ರ ದಶಕದಿಂದ ಇಂತಹ ಕೆಲಸಕ್ಕೆ ಜನಪ್ರಿಯವಾಗಿದ್ದವು. ಹಳೆಯ ಹಾಳೆಗಳು ಈಗ ಸಿಕ್ಕರೂ ಒಣಗಿ ಬಿರುಕು ಬಿಡುತ್ತವೆ. ನೀರಿನಲ್ಲಿ ನೆನೆಸಿ ಜಾರಿಸುವ ಡೆಕಾಲ್‌ಗಳನ್ನು ಲೇಸರ್ ಪ್ರಿಂಟರ್‌ನಲ್ಲಿ ಮನೆಯಲ್ಲಿಯೇ ತಯಾರಿಸಬಹುದು, ಆದರೆ ಸಾಧಾರಣ ಪ್ರಿಂಟರಿಗೆ ಬಿಳಿ ಮುದ್ರಿಸಲು ಬಾರದು. ಕಪ್ಪು ಫಲಕದ ಬಿಳಿ ಅಕ್ಷರಗಳಿಗೆ ಇದೇ ದೊಡ್ಡ ತೊಡಕಾಗಿತ್ತು. ಜಪಾನಿನ ಆಲ್ಪ್ಸ್ ಪ್ರಿಂಟರ್‌ಗಳು ಬಿಳಿಯನ್ನೂ ಮುದ್ರಿಸುತ್ತಿದ್ದವಾದರೂ ಅವುಗಳ ತಯಾರಿಕೆ ನಿಂತು ಬಹುಕಾಲವಾಯಿತು. ಈಗ ಅಕ್ರಿಲಿಕ್ ನಾಮಫಲಕ ಮಾಡುವ ಅಂಗಡಿಗಳಲ್ಲಿ ಬಂದಿರುವ ಯು.ವಿ. ಮುದ್ರಣ ಯಂತ್ರಗಳು ಬಿಳಿಯನ್ನು ಲೋಹದ ಮೇಲೆ ನೇರವಾಗಿಯೇ ಮೂಡಿಸುತ್ತವೆ. ಒಂದೇ ಫಲಕಕ್ಕಾಗಿ ಪರದೆ ತಯಾರಿಸುವುದಕ್ಕಿಂತ ಇದು ಅಗ್ಗ. ಅಂಚಿನ ನಾಜೂಕು ಮಾತ್ರ ಒಳ್ಳೆಯ ಸ್ಕ್ರೀನ್ ಪ್ರಿಂಟಿಂಗ್‌ಗೆ ಸಮನಾಗದು ಎಂಬುದು ನಮ್ಮ ಅನಿಸಿಕೆ.

ಯಾವ ವಿಧಾನವಾದರೂ ಕೊನೆಯಲ್ಲಿ ಪಾರದರ್ಶಕ ಲ್ಯಾಕರ್ ಸಿಂಪಡಿಸುವುದು ರೂಢಿ. ಒಮ್ಮೆಲೇ ದಪ್ಪಗೆ ಸಿಂಪಡಿಸಿದರೆ ಅದರಲ್ಲಿನ ದ್ರಾವಕವೇ ಹೊಸ ಅಕ್ಷರವನ್ನು ಕರಗಿಸುತ್ತದೆ ಅಥವಾ ಡೆಕಾಲನ್ನು ಸುಕ್ಕಾಗಿಸುತ್ತದೆ. ಮಂಜಿನಂತೆ ತೆಳುವಾಗಿ, ನಡುವೆ ಒಣಗಲು ಬಿಟ್ಟು, ನಾಲ್ಕೈದು ಸಲ ಹಾಕಬೇಕು. ಮುಂಬಯಿ, ಚೆನ್ನೈಗಳ ಮಳೆಗಾಲದಲ್ಲಿ ಈ ಕೆಲಸ ಬೇಡ. ತೇವದ ಗಾಳಿಯಲ್ಲಿ ಲ್ಯಾಕರ್ ಹಾಲಿನಂತೆ ಮಸುಕಾಗುತ್ತದೆ. ಬಾಲ್ಕನಿಯಲ್ಲಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮಾಡುವುದು ಒಳ್ಳೆಯದು.

ಎಷ್ಟರಮಟ್ಟಿಗೆ ತಿದ್ದಬೇಕೆಂಬ ಬಗ್ಗೆ ಹವ್ಯಾಸಿಗಳಲ್ಲಿ ಎರಡು ಪಂಗಡಗಳಿವೆ. ಕಾರ್ಖಾನೆಯಿಂದ ಹೊರಬಂದ ದಿನದಂತೆ ಕಾಣಬೇಕೆಂಬವರು ಇಡೀ ಫಲಕವನ್ನು ಕಾಸ್ಟಿಕ್ ಸೋಡಾದಲ್ಲಿ ಬೋಳಿಸಿ, ಹೊಸದಾಗಿ ಅನೋಡೈಸ್ ಮಾಡಿಸಿ, ಹೊಸದಾಗಿ ಅಚ್ಚು ಹಾಕಿಸುತ್ತಾರೆ. ಕಾಸ್ಟಿಕ್ ಸೋಡಾ ಚರ್ಮವನ್ನು ಸುಡುವಂತಹುದು, ಅಲ್ಯುಮಿನಿಯಮ್ ಜೊತೆ ಸೇರಿ ಉರಿಯುವ ಹೈಡ್ರೋಜನ್ ಅನಿಲವನ್ನು ಬಿಡುತ್ತದೆ. ಮನೆಯಲ್ಲಿ ಮಾಡುವ ಕೆಲಸ ಇದಲ್ಲವೇ ಅಲ್ಲ. ಮೇಲಾಗಿ, ಫಲಕದಲ್ಲಿ ಮುಕ್ಕಾಲು ಪಾಲು ಅಕ್ಷರಗಳು ಉಳಿದಿದ್ದರೆ ಅವನ್ನೂ ತೆಗೆದುಹಾಕುವುದು ನಮಗೆ ಒಪ್ಪಿಗೆಯಾಗದು. ಕಾಲು ಪಾಲು ತಿದ್ದಿದರೆ ಓದಲು ಬರುತ್ತದೆ. ವಾಲ್ಯೂಮ್ ನಾಬ್‌ನ ಬಲಗಡೆ ಮಾತ್ರ ಹೆಚ್ಚು ಸವೆದಿದ್ದರೆ, ಅಲ್ಲಿ ಬೆರಳಿಟ್ಟವರು ಯಾರೆಂದು ಮನೆಯವರಿಗೆ ಗೊತ್ತಿರುತ್ತದೆ.

ಆಯುಧಪೂಜೆಯ ದಿನ ನಮ್ಮಲ್ಲಿ ರೇಡಿಯೋ, ಟಿ.ವಿ.ಗಳಿಗೂ ಗಂಧ, ಅರಿಸಿನ, ಕುಂಕುಮ ಇಡುವ ಪದ್ಧತಿಯುಂಟು. ಅರಿಸಿನದ ಬಣ್ಣ ಅನೋಡೈಸ್ ಪದರದ ರಂಧ್ರಗಳಿಗೆ ಇಳಿದರೆ ಹೋಗುವುದಿಲ್ಲ. ಸಾಂಪ್ರದಾಯಿಕ ಕುಂಕುಮ ಅರಿಸಿನಕ್ಕೆ ಸುಣ್ಣ ಸೇರಿಸಿ ಮಾಡಿದ್ದು, ಆ ಸುಣ್ಣದ ಕ್ಷಾರವೂ ಅಲ್ಯುಮಿನಿಯಮ್‌ಗೆ ಹಿತವಲ್ಲ. ನೆತ್ತಿಯ ಮೇಲಿನ ಮರದ ಕವಚಕ್ಕೆ ಇಟ್ಟರೆ ಪೂಜೆಯೂ ನಡೆಯುತ್ತದೆ, ಮುಖವೂ ಉಳಿಯುತ್ತದೆ. ಲೋಹದ ಕವಚವಾದರೆ ಒಂದು ವೀಳ್ಯದೆಲೆಯನ್ನಿಟ್ಟು ಅದರ ಮೇಲೆ ಇಡಬಹುದು. ಕಳೆದ ವರ್ಷಗಳ ಕಲೆ ಈಗಾಗಲೇ ಫಲಕದ ಮೇಲಿದ್ದರೆ ಅದನ್ನು ತಿಕ್ಕಲು ಹೋಗದೆ, ಅಕ್ಷರಗಳ ಚಿತ್ರ ತೆಗೆದುಕೊಂಡು, ಅದು ಇದ್ದಲ್ಲಿಯೇ ಇರಲಿ ಎಂದು ಬಿಡುವುದು ಸರಿ.